ಸಿನಿಮಾ ಚೆನ್ನಾಗಿದ್ಯಾ ಅಂತ ಕೇಳಿದ್ರೆ ಏನು ಹೇಳೋದು: ಟೈಲರ್ ಒಬ್ಬಳ ಕ್ರಮ

ಹಾಸನದಲ್ಲಿ ನಂದೊಂದು ಹೊಲಿಗೆ ಅಂಗಡಿ. ಕಟಿಂಗ್ ಟೇಬಲ್ ಎದುರಿನ ಗೋಡೆಗೆ ಟಿವಿ ಹಾಕಿಸಿದೀನಿ. ಬಾಗಿಲು ತೆಗೆದಾಗಿಂದ ಶಟರ್ ಎಳೆಯೋವರೆಗೂ ಅದು ಓಡ್ತಾನೇ ಇರುತ್ತೆ. ಬಟ್ಟೆ ಇಸ್ಕೊಳ್ಳೋಕೆ ಬರೋರು ಕೇಳೋದು ಎರಡೇ ಪ್ರಶ್ನೆ. "ಅಕ್ಕಾ, ಬ್ಲೌಸ್ ಆಯ್ತಾ?" ಆಮೇಲೆ "ಅಕ್ಕಾ, ಆ ಸಿನಿಮಾ ಚೆನ್ನಾಗಿದ್ಯಾ?" ಮೊದಲನೇದಕ್ಕೆ ನಾಳೆ ಅಂದ್ಬಿಡ್ತೀನಿ. ಎರಡನೇದಕ್ಕೆ ಹಾಗೆ ತಪ್ಪಿಸ್ಕೊಳ್ಳೋಕಾಗಲ್ಲ.

ಈಗ ಬಹಳ ಜನ ಇದಕ್ಕೆ ಬೇರೆಯವರ ಬಾಯಿಂದ ಉತ್ತರ ಕೊಡ್ತಾರೆ. ಇಷ್ಟು ಕೋಟಿ ಮಾಡ್ತಂತೆ, ಹತ್ತಕ್ಕೆ ಎಂಟು ಕೊಟ್ಟಿದಾರಂತೆ, ಯೂಟ್ಯೂಬಲ್ಲಿ ಯಾರೋ ಬೈದಿದಾರಂತೆ. ಆ ಕೋಟಿಯಲ್ಲಿ ನಮಗೇನೂ ಪಾಲು ಬರಲ್ಲ, ಹೋಗೋದು ನಮ್ಮ ಎರಡೂವರೆ ಗಂಟೆ. ನೋಡಿದ್ದರ ಬಗ್ಗೆ ನಮ್ಮದೇ ಒಂದು ಮಾತಿರಬೇಕು, ಯಾಕೆ ಅಂತ ಕೇಳಿದ್ರೆ ಇಂಥ ಕಡೆ ಅಂತ ತೋರಿಸೋಕೂ ಬರಬೇಕು. ನಾನು ಅದನ್ನ ಹೇಗೆ ಮಾಡ್ತೀನಿ ಅಂತ ಬರೆದಿದೀನಿ. ವಿಮರ್ಶೆ ಓದಿ ಕಲಿತದ್ದಲ್ಲ, ಮೆಷಿನ್ ತುಳೀತಾ ಬಂದದ್ದು.

ಮೊದಲು ಬೆನ್ನು ತಿರುಗಿಸಿ ಕೂತ್ಕೊಳ್ಳಿ

ಹೊಲಿಯೋವಾಗ ಕಣ್ಣು ಸೂಜಿ ಮೇಲೆ. ಹಾಗಾಗಿ ನಾನು ಸೀರಿಯಲ್ ನೋಡೋದಕ್ಕಿಂತ ಕೇಳೋದೇ ಜಾಸ್ತಿ. ನೀವೂ ಮಾಡಿ ನೋಡಿ. ಹತ್ತು ನಿಮಿಷ ಟಿವಿಗೆ ಬೆನ್ನು ಹಾಕಿ. ಕಥೆ ಒಂಚೂರೂ ತಪ್ಪಿಹೋಗಲಿಲ್ಲ ಅಂದ್ರೆ ಅದು ರೇಡಿಯೋ ನಾಟಕ, ಚಿತ್ರ ಸುಮ್ನೆ ಜೊತೆಗಿದೆ. ಅತ್ತೆ ಒಳಗೆ ಬಂದ್ರೆ ಢಂ, ಸೊಸೆ ತಿರುಗಿದ್ರೆ ಢಂ, ಕೈಯಿಂದ ಲಕೋಟೆ ಬಿದ್ರೆ ಮೂರು ಸಲ ಢಂ. "ಅಯ್ಯೋ, ಈ ವಿಷಯ ಅವರಿಗೆ ಗೊತ್ತಾದ್ರೆ ಏನ್ ಗತಿ" ಅಂತ ಒಬ್ಬಳೇ ನಿಂತು ಮಾತಾಡ್ಕೋತಾಳಲ್ಲ, ಅದು ಅಡುಗೆಮನೇಲಿ ಒಗ್ಗರಣೆ ಹಾಕ್ತಾ ಕಿವಿ ಮಾತ್ರ ಈ ಕಡೆ ಕೊಟ್ಟಿರೋರಿಗೋಸ್ಕರ.

ಇದನ್ನ ದಡ್ಡತನ ಅನ್ನಬೇಡಿ, ಅವರ ಕಸುಬೇ ಹಾಗೆ. ಅರ್ಧ ಗಂಟೆ ಸ್ಲಾಟಲ್ಲಿ ಜಾಹೀರಾತು ಕಳೆದು ಉಳಿಯೋದು ಇಪ್ಪತ್ತು ನಿಮಿಷದ ಆಸುಪಾಸು. ವಾರಕ್ಕೆ ಐದಾರು ಸಂಚಿಕೆ ಹೊರಗೆ ಬರಲೇಬೇಕು. ಬಾರ್ಕ್ ಅನ್ನೋ ಸಂಸ್ಥೆ ಗುರುವಾರ ಗುರುವಾರ ಎಷ್ಟು ಜನ ನೋಡಿದ್ರು ಅನ್ನೋ ಟಿಆರ್‌ಪಿ ಲೆಕ್ಕ ಕೊಡುತ್ತೆ, ಅದನ್ನ ನೋಡ್ಕೊಂಡು ಕಥೆ ಎತ್ತ ಬೇಕೋ ಅತ್ತ ತಿರುಗುತ್ತೆ. ಸತ್ತ ಗಂಡ ವಾಪಸ್ ಬರೋದು, ಚಿನ್ನದಂಥ ನಾದಿನಿ ರಾತ್ರೋರಾತ್ರಿ ಹಾಲಿಗೆ ವಿಷ ಬೆರೆಸೋದು ಎಲ್ಲ ಹೀಗೇ. ಆದ್ದರಿಂದ ಸೀರಿಯಲ್ಲನ್ನ ಒಂದು ವಾರ ನೋಡಿ ತೀರ್ಪು ಕೊಡಬಾರದು. ಮೊದಲ ಎರಡು ವಾರ ಬಿಡದೆ ನೋಡಿ, ಪಾತ್ರಗಳು ಎಂಥವು ಅಂತ ಅಲ್ಲೇ ಗೊತ್ತಾಗುತ್ತೆ. ಆಮೇಲೆ ಒಂದು ತಿಂಗಳು ಪೂರ್ತಿ ಬಿಟ್ಟು ಮತ್ತೆ ಹಾಕಿ. ಹೋದ ತಿಂಗಳು ದೇವಸ್ಥಾನಕ್ಕೆ ಹೊರಟೋರು ಇನ್ನೂ ಮೆಟ್ಟಿಲಲ್ಲೇ ಇದ್ರೆ ಅದು ಹೊಲಿಯೋವಾಗ ಕೇಳೋ ಸೀರಿಯಲ್. ಊಟ ಆದ್ಮೇಲೆ ಕೂತು ನೋಡೋ ಅಂಥದ್ದಲ್ಲ.

ಕೂತೇ ನೋಡಬೇಕಾದ ಸೀರಿಯಲ್ಲೂ ನಮ್ಮಲ್ಲಿ ಬಂದಿದೆ. ಟಿ.ಎನ್. ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ಸೇರಿ ಮಾಡಿದ 'ಮಾಯಾಮೃಗ' ದೂರದರ್ಶನದಲ್ಲಿ ಬರ್ತಿದ್ದಾಗ, 1998ರ ಹೊತ್ತಿಗೆ, ನಮ್ಮನೇಲಿ ಯಾರೂ ಆ ಸಮಯಕ್ಕೆ ಒಲೆ ಹಚ್ತಿರಲಿಲ್ಲ. ಅದರಲ್ಲಿ ಒಬ್ಬರು ಮಾತಾಡಿದ್ರೆ ಇನ್ನೊಬ್ಬರು ನಿಜವಾಗ್ಲೂ ಕೇಳಿಸ್ಕೊಳ್ಳೋರು. ಚಿಕ್ಕ ವಿಷಯ ಅನ್ಸುತ್ತೆ, ಆದರೆ ಇವತ್ತಿನ ಸೀರಿಯಲ್ಲಲ್ಲಿ ಹುಡುಕಿ ನೋಡಿ. ಒಬ್ಬರ ಮಾತು ಮುಗಿಯೋವರೆಗೆ ಇನ್ನೊಬ್ಬರು ಹುಬ್ಬು ಎತ್ಕೊಂಡು ನಿಂತಿರ್ತಾರೆ, ಅಷ್ಟೇ. ಮುಂದೆ ಬಂದ ಸೀರಿಯಲ್ಲುಗಳಲ್ಲಿ ಸೀತಾರಾಂ ಅವರೇ ಲಾಯರ್ ಸಿಎಸ್‌ಪಿ ಆಗಿ ಕೋರ್ಟಲ್ಲಿ ನಿಂತು ಪಾಟೀಸವಾಲು ಮಾಡ್ತಿದ್ರೆ, ಢಂ ಇಲ್ಲದೆ ಬರೀ ಪ್ರಶ್ನೆಗೇ ಎದೆ ಹೊಡ್ಕೋತಿತ್ತು.

ಕಿವಿಗೆ ಇನ್ನೊಂದು ಕೆಲಸ ಇದೆ, ಪಾತ್ರ ಯಾವ ಊರಿನ ಮಾತಾಡುತ್ತೆ ಅಂತ ಹಿಡಿಯೋದು. ಸೀರಿಯಲ್ಲಿನ ಊರು ಬೆಳಗಾವಿ ಕಡೆಯಾದ್ರೂ ಸರಿ, ಚಾಮರಾಜನಗರದ ಕಡೆಯಾದ್ರೂ ಸರಿ, ನಾಯಕಿ ಮಾತು ಮಾತ್ರ ಬೆಂಗಳೂರಿನ ಜಯನಗರದ್ದು. 'ತಿಥಿ' ಕೇಳಿ ಒಂದ್ಸಲ. ಮಂಡ್ಯ ಜಿಲ್ಲೆ ನೊದೆಕೊಪ್ಪಲಿನ ಜನರನ್ನೇ ಹಾಕ್ಕೊಂಡು ರಾಮ್ ರೆಡ್ಡಿ ಮಾಡಿದ ಸಿನಿಮಾ, 2015ರಲ್ಲಿ ಲೊಕಾರ್ನೋ ಚಿತ್ರೋತ್ಸವದಲ್ಲಿ ಬಹುಮಾನ ಬಂತು. ಸೆಂಚುರಿ ಗೌಡ ಜಗಲಿ ಮೇಲೆ ಕೂತು ಹೋಗೋ ಬರೋರಿಗೆಲ್ಲ ಬೈಯೋದು ಕೇಳಿದ್ರೆ ನಮ್ಮ ಕಡೆಯವರಿಗೆ ಅರ್ಥ ಹೇಳೋದೇ ಬೇಡ, ಮನೇಲೇ ಅಂಥ ತಾತ ಒಬ್ಬರು ಇದ್ದೇ ಇರ್ತಾರೆ. ರಾಜ್ ಬಿ. ಶೆಟ್ಟಿಯ 'ಒಂದು ಮೊಟ್ಟೆಯ ಕಥೆ' ಮಂಗಳೂರು ಕನ್ನಡದ್ದು. ಮೊದಲ ಕಾಲು ಗಂಟೆ ಕಿವಿಗೆ ಹತ್ತಲ್ಲ, ಆಮೇಲೆ ನಾಯಕನಾದ ಮೇಷ್ಟ್ರು ಬೇರೆ ಥರ ಮಾತಾಡೋದನ್ನ ಊಹಿಸೋಕೂ ಆಗಲ್ಲ. ಮಾತು ಊರಿನದ್ದಾಗಿದ್ರೆ ಬರೆದವರು ಆ ಊರಿಗೆ ಹೋಗಿ ಬಂದಿದಾರೆ ಅಂತ ಅರ್ಥ. ಅಷ್ಟಕ್ಕೇ ನಾನು ಅರ್ಧ ಮಾರ್ಕ್ಸ್ ಕೊಟ್ಬಿಡ್ತೀನಿ.

ಆಮೇಲೆ ಮ್ಯೂಟ್ ಮಾಡಿ

ಇದು ಬೆನ್ನು ತಿರುಗಿಸೋದರ ಉಲ್ಟಾ. ಸದ್ದು ತೆಗೆದು ಐದು ನಿಮಿಷ ನೋಡಿ. ಶಂಕರ್ ನಾಗ್ ಅವರ 'ಮಾಲ್ಗುಡಿ ಡೇಸ್' ಟಿವಿಯಲ್ಲಿ ಬಂದಾಗ ಹಿಂದಿಯಲ್ಲಿತ್ತು, ನಮ್ಮಮ್ಮನಿಗೆ ಹಿಂದಿಯ ಒಂದಕ್ಷರ ಬರ್ತಿರಲಿಲ್ಲ. ಆದ್ರೂ ಸ್ವಾಮಿ ಯಾವಾಗ ಸುಳ್ಳು ಹೇಳ್ತಾನೆ, ಅಪ್ಪನಿಗೆ ಯಾವಾಗ ಹೆದರ್ತಾನೆ ಅಂತ ನಮಗಿಂತ ಮೊದಲು ಅಮ್ಮ ಹೇಳೋರು. ಸ್ವಾಮಿ ಪಾತ್ರದ ಮಾಸ್ಟರ್ ಮಂಜುನಾಥನ ಮುಖದಲ್ಲಿ ಅದೆಲ್ಲ ಇತ್ತು. ಆಗುಂಬೆಯ ಬೀದಿ, ಅಲ್ಲಿನ ದೊಡ್ಡಮನೆ ಕಂಬಗಳು ಮಿಕ್ಕಿದ್ದನ್ನ ಹೇಳ್ತಿದ್ವು.

ಪುಟ್ಟಣ್ಣ ಕಣಗಾಲರ 'ಶರಪಂಜರ'ವನ್ನೂ ಹೀಗೇ ನೋಡಿ. 1971ರ ಸಿನಿಮಾ, ತ್ರಿವೇಣಿ ಅವರ ಕಾದಂಬರಿ. ಮಾನಸಿಕ ಆಸ್ಪತ್ರೆಯಿಂದ ಗುಣವಾಗಿ ವಾಪಸ್ ಬಂದ ಕಾವೇರಿಯನ್ನ ಮನೆಯವರು, ಅಕ್ಕಪಕ್ಕದವರು ನೋಡೋ ನೋಟ ಇದೆಯಲ್ಲ, ಅದಕ್ಕೆ ಸದ್ದೇ ಬೇಡ. ಕಲ್ಪನಾ ನಟನೆ ಜಾಸ್ತಿ ಆಯ್ತು ಅಂತ ಈಗಿನ ಹುಡುಗೀರು ಹೇಳ್ತಾರೆ. ಇರಬಹುದು. ಆದರೆ ಸುತ್ತ ಇರೋರು ಏನೂ ಮಾತಾಡದೆ ಮಾಡೋ ಕ್ರೌರ್ಯ ಜಾಸ್ತಿ ಆಗಿಲ್ಲ, ಈಗಲೂ ನಮ್ಮ ಬೀದಿಯಲ್ಲಿ ಅಷ್ಟೇ ಇದೆ.

ಒಂದು ಒಳ್ಳೆ ಕೃತಿಯಲ್ಲಿ ಬೆನ್ನು ತಿರುಗಿಸಿದ್ರೂ ಏನೋ ಕಳ್ಕೋತೀರಿ, ಮ್ಯೂಟ್ ಮಾಡಿದ್ರೂ ಏನೋ ಕಳ್ಕೋತೀರಿ. ಎರಡರಲ್ಲೂ ಏನೂ ಕಳ್ಕೊಳ್ಳದಿದ್ರೆ ಟಿವಿ ಆರಿಸಿ ಮಲ್ಕೊಳ್ಳಿ.

ಬಟ್ಟೆ ನೋಡಿ

ಇದು ನನ್ನ ಹೊಟ್ಟೆಪಾಡಿನ ವಿಷಯ, ಸ್ವಲ್ಪ ಉದ್ದ ಆಗುತ್ತೆ, ತಡ್ಕೊಳ್ಳಿ.

ಸೀರಿಯಲ್ಲಿನ ಬಡ ಹುಡುಗಿ. ಅಪ್ಪನಿಗೆ ಕಾಯಿಲೆ, ತಮ್ಮನ ಫೀಸು ಕಟ್ಟಿಲ್ಲ, ಮನೆ ಗೋಡೆ ಬಣ್ಣ ಉದುರಿದೆ. ಹುಡುಗಿ ಹಾಕಿರೋ ಬ್ಲೌಸ್ ಮಾತ್ರ ಪ್ರಿನ್ಸೆಸ್ ಕಟ್, ಪ್ಯಾಡ್ ಇಟ್ಟಿದೆ, ತೋಳಿಗೆ ಆರಿ ವರ್ಕ್, ಬೆನ್ನಿಗೆ ಡೋರಿ, ಅದರ ತುದಿಗೆ ಕುಚ್ಚು. ನನ್ನ ಹತ್ರ ಅದನ್ನ ಹೊಲಿಸೋ ದುಡ್ಡಲ್ಲಿ ಅವಳ ಮನೆಗೆ ತಿಂಗಳ ಅಕ್ಕಿ ಬರುತ್ತೆ. ರಾತ್ರಿ ಮಲಗೋವಾಗಲೂ ರೇಷ್ಮೆ ಸೀರೆ, ಪಿನ್ ಹಾಕಿದ ಸೆರಗು. ಬೆಳಿಗ್ಗೆ ಎದ್ದಾಗ ಒಂದು ನೆರಿಗೆ ಮುರಿದಿರಲ್ಲ. ಬಟ್ಟೆ ಸುಳ್ಳು ಹೇಳಿದ ಕಡೆ ಸಂಭಾಷಣೆಯೂ ಸುಳ್ಳು ಹೇಳುತ್ತೆ ಅನ್ನೋದು ನನ್ನ ಅನುಭವ. ಬಡತನದ ಬಗ್ಗೆ ಇವರು ಗಮನ ಕೊಟ್ಟೇ ಇಲ್ಲ ಅಂತ ಮೊದಲು ತೋಳಲ್ಲೇ ಗೊತ್ತಾಗೋದು.

ನೀವು ಟೈಲರ್ ಆಗಬೇಕಿಲ್ಲ. ಮೂರು ವಿಷಯ ನೋಡಿದ್ರೆ ಸಾಕು. ಅದೇ ಬಟ್ಟೆ ಎರಡನೇ ಸಲ ಬಂತಾ? ಬಡವರ ಮನೇಲಿ ಬಟ್ಟೆ ಮತ್ತೆ ಮತ್ತೆ ಬರಲೇಬೇಕು. ಅಳತೆ ಸ್ವಲ್ಪ ತಪ್ಪಿದ್ಯಾ? ಅಣ್ಣನ ಅಂಗಿ ತಮ್ಮ ಹಾಕೋ ಮನೇಲಿ ಭುಜ ಇಳಿದಿರಬೇಕು. ಹಳೇ ಕಾಲದ ಕಥೆಯಾದ್ರೆ ತೋಳು, ಕತ್ತು ಆ ಕಾಲದ್ದಾ? ಎಪ್ಪತ್ತರ ದಶಕದ ಕಥೆ ಅಂತ ಹೇಳಿ ಈಗಿನ ಫ್ಯಾಷನ್ನಿನ ಕತ್ತು ತೋರಿಸಿದ್ರೆ ನನಗೆ ಕಥೆ ಮುಂದೆ ಹೋಗೋದೇ ಇಲ್ಲ, ಕಣ್ಣು ಅಲ್ಲೇ ನಿಂತ್ಬಿಡುತ್ತೆ. 'ತಿಥಿ'ಯ ಗಡ್ಡಪ್ಪನ ಬಟ್ಟೆ ಯಾರೋ ಕಾಸ್ಟ್ಯೂಮ್‌ನವರು ಕೊಟ್ಟದ್ದು ಅಂತ ಒಂದು ಕ್ಷಣವೂ ಅನ್ಸಲ್ಲ.

ಬಣ್ಣದ ವಿಷಯದಲ್ಲಿ ಹೇಮಂತ್ ರಾವ್ ಅವರ 'ಸಪ್ತ ಸಾಗರದಾಚೆ ಎಲ್ಲೋ' ನೋಡಬೇಕು. 2023ರಲ್ಲಿ ಎರಡು ಭಾಗವಾಗಿ ಬಂತು, ಸೈಡ್ ಎ ಸೆಪ್ಟೆಂಬರಲ್ಲಿ, ಸೈಡ್ ಬಿ ನವೆಂಬರಲ್ಲಿ. ಮೊದಲನೇದರಲ್ಲಿ ನೀಲಿ ತುಂಬಿದೆ, ಎರಡನೇದರಲ್ಲಿ ಕೆಂಪು. ನನ್ನ ಮಾತು ಕೇಳೋದಾದ್ರೆ ಎ ಬಹಳ ಚೆಂದ, ಬಿ ಎಳೆದಿದಾರೆ. ಮಾಲೀಕರ ಕಡೆಯವರ ತಪ್ಪನ್ನ ತನ್ನ ತಲೆ ಮೇಲೆ ಹಾಕ್ಕೊಂಡು ಜೈಲಿಗೆ ಹೋಗೋ ಮನು, ಹೊರಗೆ ಕಾಯೋ ಪ್ರಿಯಾ, ಇಷ್ಟೇ ಎ ಕಥೆ. ಕಾಯೋದನ್ನ ತೋರಿಸೋದು ಕಷ್ಟದ ಕೆಲಸ, ರುಕ್ಮಿಣಿ ವಸಂತ್ ಅದನ್ನ ಮಾಡಿದಾರೆ. ಬಿ ಯಲ್ಲಿ ಕಥೆ ಸೇಡಿನ ಕಡೆ ತಿರುಗಿದ ಮೇಲೆ ನಾನು ಎರಡು ಸಲ ಹುಕ್ಸ್ ಡಬ್ಬಿ ಜೋಡಿಸೋಕೆ ಎದ್ದೆ.

ಯಾರಿಗೆ ಯಾವುದು

ಯಾರಾದ್ರೂ ಒಳ್ಳೆ ಸಿನಿಮಾ ಹೇಳಿ ಅಂದ್ರೆ ತಟ್ಟನೆ ಹೆಸರು ಹೇಳಬೇಡಿ. ಅಳತೆ ಬ್ಲೌಸ್ ಇಲ್ಲದೆ ನಾನು ಕತ್ತರಿ ಹಿಡಿಯಲ್ಲ, ಇದೂ ಹಾಗೇ. ಕೇಳಬೇಕಾದ್ದು: ಜೊತೆಗೆ ಯಾರು ಕೂರ್ತಾರೆ? ಕೊನೇವರೆಗೆ ನೋಡಿದ ಸಿನಿಮಾ ಯಾವುದು? ಅರ್ಧಕ್ಕೆ ಎದ್ದು ಹೋಗಿದ್ದು ಯಾವುದು? ಈ ಮೂರನೇದು ಎಲ್ಲಕ್ಕಿಂತ ಮುಖ್ಯ. ಇಷ್ಟ ಯಾವುದು ಅಂದ್ರೆ ಎಲ್ಲರೂ ಮರ್ಯಾದೆಗೆ ರಾಜ್‌ಕುಮಾರ್ ಸಿನಿಮಾ ಹೇಳ್ತಾರೆ, ಎದ್ದು ಹೋಗಿದ್ದು ಕೇಳಿದ್ರೆ ನಿಜ ಹೊರಗೆ ಬರುತ್ತೆ. ಕೊನೇದಾಗಿ, ಮನೇಲಿ ಈಗ ಏನಾದ್ರೂ ನೋವು ಇದ್ಯಾ?

ಈ ಕೊನೇ ಪ್ರಶ್ನೆ ಯಾಕೆ ಅಂದ್ರೆ, 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಎಲ್ಲರಿಗೂ ಹೇಳೋ ಸಿನಿಮಾ ಅಲ್ಲ. ಕಾಣೆಯಾದವರ ಪ್ರಕಟಣೆಯಲ್ಲಿ ಬರೆಯೋ ಮಾತನ್ನೇ ಹೆಸರು ಮಾಡಿದಾರೆ. ಅಲ್ಝೈಮರ್ ಆಗಿರೋ ಅಪ್ಪ ಕಳೆದುಹೋಗ್ತಾರೆ, ಮಗ ಹುಡುಕ್ತಾನೆ. ಅನಂತ್ ನಾಗ್ ಏನೂ ಮಾಡದ ಹಾಗೆ ಮಾಡ್ತಾರೆ. ಮನೇಲಿ ಅಂಥ ಹಿರಿಯರಿದ್ರೆ ಕೆಲವರಿಗೆ ಅದು ಧೈರ್ಯ ಕೊಡುತ್ತೆ, ಕೆಲವರು ಹತ್ತನೇ ನಿಮಿಷಕ್ಕೇ ಎದ್ದು ಹೋಗ್ತಾರೆ. ಮೊದಲೇ ಇದು ಇಂಥ ಕಥೆ ಅಂತ ಹೇಳಿ, ನೋಡೋದು ಬಿಡೋದು ಅವರಿಗೆ ಬಿಡಿ. ಗಿರೀಶ್ ಕಾಸರವಳ್ಳಿಯವರ 'ತಬರನ ಕಥೆ'ಯೂ ಅಷ್ಟೇ. ತೇಜಸ್ವಿಯವರ ಕಥೆ, 1986ರ ಸಿನಿಮಾ, ಪಿಂಚಣಿಗೆ ಅಲೆಯೋ ತಬರ. ರಿಟೈರ್ ಆಗಿ ಫೈಲ್ ಹಿಂದೆ ಓಡಾಡ್ತಿರೋರಿಗೆ ಅದನ್ನ ಹೇಳೋ ಮುಂಚೆ ಯೋಚನೆ ಮಾಡಿ. ನಮ್ಮ ಪಕ್ಕದ ಬೀದಿ ರಾಯರು ಮಾತ್ರ ನೋಡಿ ಬಂದು "ನನ್ನ ಕಥೆ ಇವರಿಗೆ ಯಾರಮ್ಮ ಹೇಳಿದ್ದು" ಅಂತ ಖುಷಿಯಾಗಿದ್ರು. ಜನ ಹೇಗೆ ಅಂತ ಹೇಳೋಕಾಗಲ್ಲ.

ಮಕ್ಕಳಿರೋ ಮನೆಗೆ ನಾನು ಮೊದಲು ಹೇಳೋದು ರಿಷಬ್ ಶೆಟ್ಟಿ ನಿರ್ದೇಶನದ 'ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು.' ಕನ್ನಡ ಶಾಲೆ ಉಳಿಸ್ಕೊಳ್ಳೋ ಕಥೆ ನಗ್ತಾ ನಗ್ತಾ ಹೋಗುತ್ತೆ. '777 ಚಾರ್ಲಿ' ಕೇಳಿದ್ರೆ, ನಾಯಿ ಸಾಕಿರೋ ಮಕ್ಕಳಿಗೆ ಕಣ್ಣೊರೆಸ್ಕೊಳ್ಳೋಕೆ ಟವೆಲ್ ಕೊಟ್ಟು ಕೂರಿಸಿ ಅಂತ ಹೇಳ್ತೀನಿ. ಸರ್ಟಿಫಿಕೇಟ್ ನೋಡೋ ಅಭ್ಯಾಸ ಮಾಡ್ಕೊಳ್ಳಿ. ಮೊದಲು, ಮಕ್ಕಳು ನೋಡೋದಾದ್ರೆ ದೊಡ್ಡವರ ಮಾರ್ಗದರ್ಶನ ಬೇಕು ಅನ್ನೋದಕ್ಕೆ ಯುಎ ಅಂತ ಒಂದೇ ಇತ್ತು, ಈಗ 7, 13, 16 ವರ್ಷಕ್ಕೆ ಬೇರೆ ಬೇರೆ ಮಾಡಿದಾರೆ. ಮೂರು ತಲೆಮಾರು ಒಟ್ಟಿಗೆ ಕೂರೋದಾದ್ರೆ ಫಣಿ ರಾಮಚಂದ್ರರ 'ಗೌರಿ ಗಣೇಶ'ಕ್ಕೆ ನನ್ನ ಓಟು. 1991ರದ್ದು, ಜೋಕು ಹಳಸಿಲ್ಲ.

ಟಿವಿ ಹುಚ್ಚಿರೋ ಹೆಂಗಸರಿಗೆ ಅಂತಲೇ ನಾನು ಎತ್ತಿಟ್ಟಿರೋದು ಒಂದಿದೆ, ಕಾಸರವಳ್ಳಿಯವರ 'ಗುಲಾಬಿ ಟಾಕೀಸ್.' ಮೂಲ ವೈದೇಹಿಯವರ ಕಥೆ. ಕರಾವಳಿಯ ಮೀನುಗಾರರ ಊರಲ್ಲಿ ಸೂಲಗಿತ್ತಿ ಗುಲಾಬಿಗೆ ಹೆರಿಗೆ ಮಾಡಿಸಿದ್ದಕ್ಕೆ ಟಿವಿ, ಡಿಶ್ ಸಿಗುತ್ತೆ. ಊರ ಹೆಂಗಸರೆಲ್ಲ ಅವಳ ಮನೆಗೆ ಬಂದು ಕೂರ್ತಾರೆ. ಕಾರ್ಗಿಲ್ ಯುದ್ಧದ ಹೊತ್ತಿಗೆ, ಗುಲಾಬಿ ಮುಸ್ಲಿಂ ಅನ್ನೋದು ಊರಿಗೆ ನೆನಪಾಗುತ್ತೆ. ಉಮಾಶ್ರೀಗೆ ಅದರಲ್ಲಿ ರಾಷ್ಟ್ರಪ್ರಶಸ್ತಿ ಬಂತು. 'ಪುಟ್ಟಕ್ಕನ ಮಕ್ಕಳು' ಸೀರಿಯಲ್ಲಲ್ಲಿ ಮೆಸ್ ನಡೆಸೋ ಪುಟ್ಟಕ್ಕ ಆಗಿ ಅವರನ್ನ ನೋಡಿದೋರಿಗೆ ಈ ಸಿನಿಮಾ ತೋರಿಸಿ, ಅದೇ ಮುಖ ಎಷ್ಟು ಕಡಿಮೆ ಸದ್ದಲ್ಲಿ ಎಷ್ಟು ಹೇಳುತ್ತೆ ಅಂತ ಗೊತ್ತಾಗುತ್ತೆ.

ಹೇಳೋದು ಹೇಗೆ

'ಲ್ಯಾಗ್' ಅನ್ನೋ ಮಾತು ನನ್ನ ಅಂಗಡೀಲಿ ನಡೆಯಲ್ಲ. ಎಲ್ಲಿ ಲ್ಯಾಗ್? ಫೋನ್ ಕೈಗೆ ಎಲ್ಲಿ ತಗೊಂಡ್ರಿ? ಅದನ್ನ ಹೇಳಿ. "ಮದುವೆ ಹಾಡು ಬಂದಾಗ ವಾಟ್ಸಾಪ್ ನೋಡಿದೆ" ಅನ್ನೋದು ಪೂರ್ತಿ ಅಭಿಪ್ರಾಯ. ಹಾಗೇ 'ಸೂಪರ್' ಅಂದ್ರೂ ಒಂದು ದೃಶ್ಯ ಹೆಸರಿಸಿ, ಕೊನೇ ಅರ್ಧ ಗಂಟೆಯದ್ದು ಮಾತ್ರ ಬೇಡ, ಕೇಳೋರ ಟಿಕೆಟ್ ದುಡ್ಡು ಹಾಳಾಗುತ್ತೆ. ಒಂದೇ ಸಿನಿಮಾ ಬಗ್ಗೆ ಹೊಗಳಿಕೆ, ಬೈಗುಳ ಎರಡೂ ಇರಬಹುದು. 'ಕಾಂತಾರ' ನೋಡಿದ ದಿನ ಥಿಯೇಟರಲ್ಲಿ ಕೊನೆಯ ದೈವದ ಭಾಗ ಬಂದಾಗ ನನ್ನ ಮೈ ನಡುಗಿತು. ಅದೇ ಸಿನಿಮಾದಲ್ಲಿ ನಾಯಕ ಲೀಲಾಳ ಸೊಂಟ ಚಿವುಟೋದು ನೋಡಿ ಸಿಟ್ಟೂ ಬಂತು. ಎರಡನ್ನೂ ಹೇಳ್ತೀನಿ. ಅಭಿಮಾನಿ ಹುಡುಗರು ಮುಖ ಊದಿಸ್ಕೊಂಡ್ರೂ ಪ್ಯಾಂಟ್ ಆಲ್ಟ್ರೇಷನ್‌ಗೆ ಮತ್ತೆ ಇಲ್ಲಿಗೇ ಬರ್ತಾರೆ.

ದೊಡ್ಡ ಸಿನಿಮಾಗಳ ಮುಂದೆ ಬಾಯಿ ಕಟ್ಕೋಬೇಡಿ. 1972ರ 'ನಾಗರಹಾವು' ಅಂದ್ರೆ ಎಲ್ಲರಿಗೂ ಚಾಮಯ್ಯ ಮೇಷ್ಟ್ರು ಮತ್ತು ರಾಮಾಚಾರಿಯ ಗುರುಶಿಷ್ಯ ಪ್ರೀತಿ. ಅಶ್ವತ್ಥ್, ವಿಷ್ಣುವರ್ಧನ್ ಇಬ್ಬರೂ ಅದ್ಭುತ, ಚಿತ್ರದುರ್ಗದ ಕೋಟೆಯೂ ಅವರ ಜೊತೆಗೇ ನಟಿಸಿದೆ. ಆದರೆ ಆ ಮೇಷ್ಟ್ರ ಮಾತು ಕೇಳಿದ್ದಕ್ಕೆ, ರಾಮಾಚಾರಿ ಪ್ರೀತಿಸಿದ ಅಲಮೇಲು ಬದುಕು ಏನಾಯ್ತು? ಜಾತಿ ಅಂತ ಹೇಳಿ ಬಿಡಿಸಿದ್ದು ಅವರೇ ತಾನೆ? ನನಗೆ ಆ ಮೇಷ್ಟ್ರ ಮೇಲಿನ ಕೋಪ ಇನ್ನೂ ಹೋಗಿಲ್ಲ, ನಿರ್ದೇಶಕ ಪುಟ್ಟಣ್ಣನವರಿಗೂ ಹೋಗಿರಲಿಲ್ಲ ಅಂತ ಕ್ಲೈಮ್ಯಾಕ್ಸ್ ನೋಡಿದ್ರೆ ಅನ್ಸುತ್ತೆ. ಅದೇ ವರ್ಷದ 'ಬಂಗಾರದ ಮನುಷ್ಯ' ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದೆ. ಮನೆಯವರಿಗಾಗಿ ಅಷ್ಟು ದುಡಿದ ನಾಯಕ ರಾಜೀವಪ್ಪ ಕೊನೆಗೆ ಒಂದು ಮಾತೂ ಆಡದೆ ಎದ್ದು ಹೋಗೋದು ತ್ಯಾಗ ಅಂತಾರೆ. ನನಗೆ ಕೂತು ಲೆಕ್ಕ ಕೇಳಬೇಕಿತ್ತು ಅನ್ಸುತ್ತೆ. ನಮ್ಮ ಯಜಮಾನರ ಹತ್ರ ಈ ಮಾತು ಎತ್ತಿದ್ರೆ ಅವತ್ತು ರಾತ್ರಿ ಊಟ ಮೌನವಾಗಿ ನಡೆಯುತ್ತೆ.

ಮನೇಲಿ ಎಲ್ಲರೂ ಕೂತು ನೋಡಿದ ಮೇಲೆ ಮಾತು ಚಿಕ್ಕವರಿಂದ ಶುರು ಮಾಡಿಸಿ. ದೊಡ್ಡವರು ಮೊದಲು ಹೇಳಿದ್ರೆ ಮಕ್ಕಳು ಅದನ್ನೇ ಒಪ್ಪಿಸ್ತಾರೆ, ಇಲ್ಲಾಂದ್ರೆ ಬೇಕಂತ ಉಲ್ಟಾ ಹೇಳ್ತಾರೆ. ನನ್ನ ಮಗಳು 'ಕೆಜಿಎಫ್' ನೋಡಿ "ಎಲ್ಲರ ಅಂಗಿಯೂ ಒಂದೇ ಬಣ್ಣ ಅಮ್ಮ" ಅಂದಳು. ಅಷ್ಟು ಗದ್ದಲದಲ್ಲಿ ನನಗೆ ಅದು ಹೊಳೆದೇ ಇರಲಿಲ್ಲ. ಇನ್ನೊಂದು, ಸಿನಿಮಾ ಮುಗಿದ ಕೂಡ್ಲೇ ತೀರ್ಪು ಬೇಡ. ಮಾರನೇ ದಿನ ಮಧ್ಯಾಹ್ನ ಕೆಲಸದ ನಡುವೆ ಏನು ತಾನಾಗಿ ನೆನಪಿಗೆ ಬರುತ್ತೋ ಅದನ್ನ ಹೇಳಿ.

ಇನ್ನು ಸೀರಿಯಲ್ ಬಿಡೋ ವಿಷಯ, ಬಹಳ ಜನ ಕೇಳ್ತಾರೆ. ಇಷ್ಟ ಇಲ್ಲ, ಆದ್ರೂ ಬಿಡೋಕಾಗ್ತಿಲ್ಲ ಅಂತ. ವಾರದ ಕೊನೇ ಸಂಚಿಕೆಗೆ ಬಿಡೋಕೆ ಹೋಗಬೇಡಿ. ಅವತ್ತು ಯಾರೋ ಬಾಗಿಲು ತಟ್ಟಿರ್ತಾರೆ, ಯಾರು ಅಂತ ತೋರಿಸಿರಲ್ಲ, ಸೋಮವಾರ ನೀವು ಹಾಜರ್. ಮಹಾಸಂಚಿಕೆ ಇರೋ ವಾರವೂ ಬೇಡ, ಮದುವೆ ನಡೀತಿರೋವಾಗಲಂತೂ ಬೇಡವೇ ಬೇಡ. ಬುಧವಾರ ಬಿಡಿ. ಬುಧವಾರ ಯಾವ ಸೀರಿಯಲ್ಲಲ್ಲೂ ಏನೂ ಆಗಲ್ಲ.